ಮೂರು ಊರು, ಒಂದು ದಂಡದ ಚೀಟಿ

ಮುಂಬಯಿಯ ಕಡೆಯಿಂದ ಬಂದ ಹಳಿಗಳೂ ಮದರಾಸಿನ ಕಡೆಯಿಂದ ಬಂದ ಹಳಿಗಳೂ 1871ರಲ್ಲಿ ರಾಯಚೂರಿನಲ್ಲಿ ಒಂದುಗೂಡಿದ ಕಾಲದಿಂದಲೂ ಯಾದಗಿರಿ ರೈಲು ಪ್ರಯಾಣಿಕರಿಗೆ ಪರಿಚಿತವಾದ ಊರು. ಗಾಡಿಯ ಕಿಟಕಿಯಿಂದ ಇಣುಕುವವರಿಗೆ ಊರಿನ ನೆತ್ತಿಯ ಮೇಲೆ ಬಂಡೆಗಳ ಗುಡ್ಡವೂ, ಗುಡ್ಡದ ಮೈಸುತ್ತಿದ ಕೋಟೆಯ ಗೋಡೆಯೂ ಕಾಣುತ್ತವೆ. ಯಾದವರ ಗಿರಿಯೇ ಯಾದಗಿರಿಯಾಯಿತೆಂದು ಹೇಳುವುದುಂಟು. ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆ 1948ರ ಸೆಪ್ಟೆಂಬರ್ 17ರಂದು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಬಹುಕಾಲ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಯಾದಗಿರಿ 2010ರ ಏಪ್ರಿಲಿನಲ್ಲಿ ತಾನೇ ಒಂದು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಶಹಾಪುರ, ಸುರಪುರಗಳು ಅದರ ಮಡಿಲಿಗೆ ಬಂದವು.

ತಾಲ್ಲೂಕಿನ ಊರು ಜಿಲ್ಲೆಯ ಊರಾದಾಗ ಕಚೇರಿಗಳು ಬರುತ್ತವೆ, ಅಧಿಕಾರಿಗಳು ಬರುತ್ತಾರೆ, ಅವರ ಹಿಂದೆ ಅರ್ಜಿದಾರರು ಬರುತ್ತಾರೆ, ಎಲ್ಲರ ಜೊತೆಗೆ ವಾಹನಗಳೂ ಬರುತ್ತವೆ. ಬೀದಿ ಮಾತ್ರ ಹಳೆಯದೇ. ಎತ್ತಿನ ಬಂಡಿಯ ಅಳತೆಗೆ ಹುಟ್ಟಿದ ಪೇಟೆಯ ಬೀದಿಗೆ ಮೋಟಾರಿನ ಅಳತೆಯನ್ನು ಕಲಿಸುವುದು ಸುಲಭವಲ್ಲ.

ಇದರ ಮೇಲೆ ಬಿಸಿಲು! ಈ ಸೀಮೆಯ ಬಿಸಿಲನ್ನು ಬಲ್ಲವರೇ ಬಲ್ಲರು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅರ್ಧ ಗಂಟೆ ಬಯಲಲ್ಲಿ ನಿಂತ ಮೋಟಾರಿನೊಳಗೆ ಕೂರುವುದೆಂದರೆ ರೊಟ್ಟಿ ಬೇಯುವ ಹಂಚಿನ ಮೇಲೆ ಕೂತಂತೆ. ಆದ್ದರಿಂದ ಎಲ್ಲಿ ಬೇವಿನ ಮರವೋ ಅಲ್ಲಿ ವಾಹನ. ಬೇವಿನ ಮರವೋ ರಸ್ತೆಯ ನಡುವೆ ಬೆಳೆಯುವುದಿಲ್ಲ. ಅಂಚಿನಲ್ಲಿ, ಜನ ನಡೆಯುವ ಜಾಗದಲ್ಲಿಯೇ ಬೆಳೆಯುತ್ತದೆ. ಫುಟ್‌ಪಾತಿನ ಮೇಲೆ ವಾಹನವೇರಿಸುವುದಕ್ಕೆ ದೊಡ್ಡ ನಗರಗಳಲ್ಲಿ ಸ್ಥಳದ ಅಭಾವವೇ ಕಾರಣವಾದರೆ, ಇಲ್ಲಿ ನೆರಳಿನ ಆಸೆಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಅಪರಾಧಕ್ಕೆ ಇದಕ್ಕಿಂತ ಮುಗ್ಧವಾದ ಕಾರಣ ಇನ್ನೊಂದು ಸಿಗುವುದು ಕಷ್ಟ.

ವಾಚಕರು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಲಿ. ಬೆಂಗಳೂರಿನಲ್ಲಿ ನೆಲೆಸಿ ನಿವೃತ್ತರಾದ ಗೃಹಸ್ಥರು; ಅವರ ಪತ್ನಿ; ಎಂಬತ್ತರ ಹತ್ತಿರದ ತಾಯಿ. ತಾಯಿಯ ತವರು ಸುರಪುರ. ತವರಿನಲ್ಲಿ ಮದುವೆ. ಮೋಟಾರಿನಲ್ಲಿ ಹೊರಟವರು ಯಾದಗಿರಿಯ ಪೇಟೆಯಲ್ಲಿ ಮುಯ್ಯಿಯ ಸೀರೆ ಕೊಳ್ಳಲು ಇಳಿದರು. ಬೇವಿನ ಮರವೊಂದು ಕಣ್ಣಿಗೆ ಬಿತ್ತು. ಎಡಗಡೆಯ ಎರಡು ಚಕ್ರ ಮೇಲೆ, ಬಲಗಡೆಯ ಎರಡು ಚಕ್ರ ಕೆಳಗೆ. ಸೀರೆ ಅಂಗಡಿಯಲ್ಲಿ ಹತ್ತು ನಿಮಿಷವೆಂದರೆ ಎಷ್ಟು ಹೊತ್ತೆಂಬುದು ಸಂಸಾರಸ್ಥರಿಗೆಲ್ಲ ತಿಳಿದದ್ದೇ. ತಿರುಗಿ ಬಂದಾಗ ಮೋಟಾರಿನ ಪಕ್ಕದಲ್ಲಿ ಪೊಲೀಸಿನವರೊಬ್ಬರು ನಿಂತಿದ್ದರು. ಭಾವಚಿತ್ರ ತೆಗೆದಾಗಿತ್ತು. ಈ ಜಿಲ್ಲೆಯ ವಾಹನಗಳಿಗೆಲ್ಲ ಕೆಎ 33. ಗೃಹಸ್ಥರ ಮೋಟಾರಿನ ಫಲಕವೋ ಬೆಂಗಳೂರಿನ ಗುರುತನ್ನು ದೂರದಿಂದಲೇ ಸಾರುತ್ತಿತ್ತು.

"ಇಲ್ಲಿ ಬೋರ್ಡೇ ಇಲ್ಲವಲ್ಲ, ಸ್ವಾಮಿ?" ಎಂದರು ಗೃಹಸ್ಥರು.

"ಬೋರ್ಡ್ ಯಾಕ ಬೇಕ್ರಿ ಸರ? ಕಾಲಾಗ ಕಲ್ಲು ಕಾಣಂಗಿಲ್ಲೇನ್ರಿ? ಇದು ಗಾಡಿ ಹಚ್ಚೋ ಜಾಗ ಅಲ್ರಿ, ಮಂದಿ ಅಡ್ಡಾಡೋ ಜಾಗ ಅದ."

ಗೃಹಸ್ಥರು ಕೆಳಗೆ ನೋಡಿದರು. ಶಹಾಬಾದಿನ ಫರಸಿಕಲ್ಲುಗಳು ಚರಂಡಿಯ ಮೇಲೆ ಹತ್ತು ಮಾರು ದೂರ ಹಾಸಿದ್ದವು. ಅಲ್ಲಿಂದ ಮುಂದೆ ಎರಡು ಕಲ್ಲು ಎದ್ದುಹೋಗಿದ್ದವು. ಅದರಾಚೆ ಅಂಗಡಿಯೊಂದರ ಮೂಟೆಗಳು. ಅದರಾಚೆ ಸಾಲಾಗಿ ನಿಂತ ಮೋಟಾರ್ ಸೈಕಲ್ಲುಗಳು. ಇದು ಫುಟ್‌ಪಾತೇ ಆಗಿದ್ದರೆ ನಡೆಯುವವರು ಎಲ್ಲಿ? ದಂಡ ಕಟ್ಟಲು ಅವರು ಒಪ್ಪಲಿಲ್ಲ. "ನಗರಸಭೆಗೇ ಹೋಗಿ ಕೇಳುತ್ತೇನೆ" ಎಂದು ಚೀಟಿಯನ್ನು ಜೇಬಿಗಿಳಿಸಿದರು.

ನಗರಸಭೆಗೆ ಹೋಗಿದ್ದರೆ ಕೇಳಿ ಬರಬಹುದಿತ್ತು, ಅಷ್ಟೆ. ಆ ಚೀಟಿ ನಗರಸಭೆಯದಲ್ಲ. ಇದು ಬಹುಮಂದಿ ತಪ್ಪು ತಿಳಿಯುವ ಸಂಗತಿ. ರಸ್ತೆಯ ಬದಿಯ ಕಲ್ಲು ಹಾಸುವುದು, ಚರಂಡಿ ಮುಚ್ಚುವುದು, ಒತ್ತುವರಿ ತೆಗೆಸುವುದು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಮೇರೆಗೆ ಊರಿನ ಪೌರಸಂಸ್ಥೆಯ ಹೊಣೆ. ಆ ಕಲ್ಲಿನ ಮೇಲೆ ಚಕ್ರವೇರಿಸಿದ ಮೋಟಾರಿಗೆ ದಂಡದ ಚೀಟಿ ಕೊಡುವುದು 1988ರ ಮೋಟಾರು ವಾಹನಗಳ ಅಧಿನಿಯಮದ ಮೇರೆಗೆ ಪೊಲೀಸರ ಕೆಲಸ. ಕಲ್ಲು ಒಬ್ಬರದು, ಚೀಟಿ ಇನ್ನೊಬ್ಬರದು. ಕಲ್ಲು ಸರಿಯಿಲ್ಲವೆಂದು ಪೊಲೀಸರ ಮುಂದೆ ವಾದಿಸಿದರೆ ಅವರು ನಗರಸಭೆಯ ಕಡೆ ಕೈತೋರುತ್ತಾರೆ; ಚೀಟಿ ಸರಿಯಿಲ್ಲವೆಂದು ನಗರಸಭೆಯಲ್ಲಿ ವಾದಿಸಿದರೆ ಅವರು ಠಾಣೆಯ ಕಡೆ ಕೈತೋರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲವೆಂಬುದೇ ಇಲ್ಲಿನ ತೊಡಕು.

ಲಂಡನ್ನಿನಲ್ಲಿ ಹೀಗಿಲ್ಲ. ಅಲ್ಲಿ 1974ರ ಕಾನೂನಿನಿಂದಲೇ ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸುವುದು ನಿಷಿದ್ಧ. 1991ರ ಕಾನೂನಿನ ತರುವಾಯ ಇಂಥ ದಂಡದ ಚೀಟಿಯನ್ನು ಅಂಟಿಸುವವರು ಆಯಾ ಬಡಾವಣೆಯ ಕೌನ್ಸಿಲಿನವರೇ. ಒಪ್ಪದವರು ಮೊದಲು ಕೌನ್ಸಿಲಿಗೆ ಬರೆಯಬೇಕು; ಅದು ತಿರಸ್ಕರಿಸಿದರೆ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ನೆಲೆಸಿದ ಕನ್ನಡದ ಮಕ್ಕಳು ಊರಿನ ತಂದೆ ತಾಯಿಯರಿಗೆ "ಕೌನ್ಸಿಲ್‌ಗೆ ಬರೆಯಿರಿ, ರದ್ದಾಗುತ್ತದೆ" ಎಂದು ದೂರವಾಣಿಯಲ್ಲಿ ಬುದ್ಧಿ ಹೇಳುವುದುಂಟು. ಬುದ್ಧಿ ಒಳ್ಳೆಯದೇ, ಊರು ಬೇರೆ.

ಚೀಟಿ ಜೇಬಿನಲ್ಲಿದ್ದಂತೆಯೇ ಸಂಸಾರ ಶಹಾಪುರದ ದಾರಿ ಹಿಡಿಯಿತು. ಯಾದಗಿರಿಯನ್ನು ಬಿಡುತ್ತಲೇ ಭೀಮಾ ನದಿ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸೋತು ಹರಿಯುವ ಈ ನದಿ ಮಳೆಗಾಲದಲ್ಲಿ ಮಹಾರಾಷ್ಟ್ರದಿಂದ ನೀರು ಬಿಟ್ಟಾಗ ಎರಡೂ ದಡವನ್ನು ನುಂಗುವುದುಂಟು. ಸೇತುವೆ ದಾಟಿದರೆ ಹತ್ತಿ, ತೊಗರಿಯ ಕಪ್ಪು ಭೂಮಿ; ಕಾಲುವೆಯ ನೀರು ತಲುಪಿದ ಕಡೆ ಇದ್ದಕ್ಕಿದ್ದಂತೆ ಬತ್ತದ ಹಸುರು. ನಾರಾಯಣಪುರದ ಬಸವಸಾಗರದಿಂದ ಬರುವ ಕೃಷ್ಣೆಯ ನೀರು ಇದು. ಸುಮಾರು 35 ಕಿ.ಮೀ. ಸಾಗಿದ ಮೇಲೆ ಶಹಾಪುರದ ಗುಡ್ಡಗಳು ಮೇಲೇಳುತ್ತವೆ. ಈ ಗುಡ್ಡಗಳ ಸಾಲನ್ನು ಒಂದು ನಿಟ್ಟಿನಿಂದ ನೋಡಿದರೆ ಹಣೆ, ಮೂಗು, ತುಟಿ, ಎದೆಗಳು ಸ್ಪಷ್ಟವಾಗಿ ಮೂಡಿ, ಮಹಾಪುರುಷನೊಬ್ಬ ಆಕಾಶಕ್ಕೆ ಮುಖಮಾಡಿ ಮಲಗಿದಂತೆ ತೋರುತ್ತದೆ. ಬುದ್ಧ ಮಲಗಿದ ಬೆಟ್ಟವೆಂದೇ ಇದಕ್ಕೆ ಪ್ರಸಿದ್ಧಿ. ಯಾವ ಶಿಲ್ಪಿಯ ಉಳಿಯೂ ಮುಟ್ಟದ ಈ ಶಿಲ್ಪವನ್ನು ನೋಡಲು ಎಲ್ಲರೂ ವಾಹನವನ್ನು ರಸ್ತೆಯಂಚಿಗೆ ಎಳೆದು ನಿಲ್ಲಿಸುತ್ತಾರೆ. ನಮ್ಮ ಗೃಹಸ್ಥರು ಮಾತ್ರ ಅಂದು ಎರಡು ಬಾರಿ ಕೆಳಗೆ ನೋಡಿಕೊಂಡು ನಿಲ್ಲಿಸಿದರು.

ಶಹಾಪುರ ಬೀದರ್–ಶ್ರೀರಂಗಪಟ್ಟಣ ಹೆದ್ದಾರಿಯ ಮೇಲಿನ ಊರು. ಹೆದ್ದಾರಿಯ ಊರಿಗೆ ಎರಡು ಮುಖ. ಒಂದು ಊರಿನವರದು: ಸಂತೆ, ಶಾಲೆ, ಚರಬಸವೇಶ್ವರರ ಗುಡಿ, ಬಸ್ಸು ನಿಲ್ದಾಣ. ಇನ್ನೊಂದು ದಾರಿಹೋಕರದು: ಹತ್ತಿಯ ಲಾರಿ, ಬತ್ತದ ಲಾರಿ, ರಾತ್ರಿಯ ಬಸ್ಸು. ಎರಡರ ನಡುವಣ ಗೆರೆ ಯಾರದೆಂಬುದು ಇಂಥ ಊರುಗಳಲ್ಲೆಲ್ಲ ಗೊಂದಲದ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿಯ ಜಮೀನಿನ ಒತ್ತುವರಿಯನ್ನು ತೆರವು ಮಾಡಿಸಲು 2002ರ ಪ್ರತ್ಯೇಕ ಕಾನೂನು ಹೆದ್ದಾರಿಯ ಆಡಳಿತಕ್ಕೆ ಅಧಿಕಾರ ಕೊಟ್ಟಿದೆ. ಹೀಗೆ ಪೊಲೀಸರು, ನಗರಸಭೆ, ಹೆದ್ದಾರಿಯವರೆಂದು ಮೂವರು ಒಡೆಯರಿರುವ ಅಂಚಿನಲ್ಲಿ ನಡೆಯುವವನಿಗೆ ಮಾತ್ರ ಒಡೆತನವಿಲ್ಲ.

ಅಲ್ಲಿ ತಾಯಿಗೆ ಬಾಯಾರಿಕೆಯಾಯಿತು. ಎಳನೀರಿನ ಗಾಡಿ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಮಗ ತಾಯಿಯ ಕೈಹಿಡಿದು ಹೊರಟರು. ಮೊದಲು ಮೂರು ಮೋಟಾರ್ ಸೈಕಲ್ಲುಗಳು ಅಡ್ಡ, ಸುತ್ತಿ ಹೋದರು. ಬಳಿಕ ಬಿಳಿಯ ಮೋಟಾರೊಂದು, ತಮ್ಮದೇ ಮಾದರಿಯದು, ಎರಡು ಚಕ್ರ ಮೇಲೆ, ಎರಡು ಚಕ್ರ ಕೆಳಗೆ. ಗೋಡೆಗೂ ಮೋಟಾರಿಗೂ ನಡುವೆ ಮುದುಕಿ ನುಸುಳುವಷ್ಟು ಎಡೆಯಿರಲಿಲ್ಲ. ರಸ್ತೆಗಿಳಿದರು. ಹಿಂದಿನಿಂದ ಲಾರಿಯ ಕಹಳೆ. ಅದರ ಗಾಳಿಗೆ ತಾಯಿಯ ಸೆರಗು ಹಾರಿ ಮಗನ ಮುಖಕ್ಕೆ ಬಡಿಯಿತು. ಆಕೆ ನಿಂತುಬಿಟ್ಟರು.

"ಅಪ್ಪಾ, ನಾವು ನಡಿಯೋ ದಾರಿ ಎಲ್ಲಿ ಅದ?"

2022ನೆಯ ಇಸವಿಯೊಂದರಲ್ಲೇ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿಯೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅವರೆಲ್ಲ ಅಡ್ಡ ನಿಂತ ವಾಹನದ ದೆಸೆಯಿಂದಲೇ ರಸ್ತೆಗಿಳಿದವರೆಂದು ಹೇಳುವಂತಿಲ್ಲ, ನಿಜ. ಆದರೆ ನಡೆಯಲು ಬೇರೆ ಜಾಗವಿದ್ದವನು ಲಾರಿಯ ಮುಂದೆ ನಡೆಯುವುದಿಲ್ಲ ಎಂಬುದೂ ನಿಜವಷ್ಟೆ. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಈ ಮಾತನ್ನೇ ಸಂವಿಧಾನದ ಭಾಷೆಯಲ್ಲಿ ಹೇಳಿತು: ಅಡ್ಡಿಯಿಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತು 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆ ಎಂದು. ಹಾದಿಯ ಅಗಲ ಎಷ್ಟಿರಬೇಕೆಂಬುದಕ್ಕೂ ಲೆಕ್ಕವುಂಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಸೂತ್ರದಂತೆ ಕಡಮೆಯೆಂದರೆ 1.8 ಮೀಟರು, ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು. ಎಳನೀರು ಕುಡಿದು ತಾಯಿ ಮಗ ತಿರುಗಿ ಬರುವಾಗಲೂ ಆ ಬಿಳಿಯ ಮೋಟಾರು ಅಲ್ಲಿಯೇ ಇತ್ತು. ಅದರ ಒಡೆಯನೂ ಯಾವುದೋ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಬರುವೆನೆಂದು ಹೋಗಿರಬೇಕು.

ಶಹಾಪುರದಿಂದ ಸುರಪುರ ಸುಮಾರು 25 ಕಿ.ಮೀ. ಬೆಟ್ಟಗಳ ಬೋಗುಣಿಯಲ್ಲಿಟ್ಟಂತಿರುವ ಊರು. ಬೇಡ ನಾಯಕರ ರಾಜಧಾನಿ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಬ್ರಿಟಿಷರ ಕ್ಯಾಪ್ಟನ್ ಮೆಡೋಸ್ ಟೇಲರ್ ಇಲ್ಲಿಯ ಆಡಳಿತವನ್ನು 1853ರವರೆಗೆ ನೋಡಿಕೊಂಡ. ಅವನು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಪ್ರಸಿದ್ಧ. ಅವನೇ 'ಠಕ್ಕನ ತಪ್ಪೊಪ್ಪಿಗೆ'ಯ ಕಾದಂಬರಿಯನ್ನು ಬರೆದು ಇಂಗ್ಲೆಂಡಿನಲ್ಲಿ ಹೆಸರುಮಾಡಿದವನು. ದೊಡ್ಡವನಾದ ವೆಂಕಟಪ್ಪ ನಾಯಕ 1857–58ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೋತು, ಸೆರೆಯಲ್ಲಿ ಗುಂಡಿನಿಂದ ಸತ್ತ. ಟೇಲರನನ್ನು ಆ ರಾಜಕುಮಾರ 'ಅಪ್ಪಾ' ಎಂದೇ ಕರೆಯುತ್ತಿದ್ದನೆಂಬುದು ಆತನ ಆತ್ಮಕಥೆಯಿಂದ ತಿಳಿಯುತ್ತದೆ. ಸಂಸ್ಥಾನ 1860ರ ಒಪ್ಪಂದದಿಂದ ನಿಜಾಮರ ಪಾಲಾಯಿತು. ಅರಮನೆ, ವೇಣುಗೋಪಾಲಸ್ವಾಮಿಯ ಗುಡಿ, ಚಿನ್ನದ ಬಣ್ಣದಲ್ಲಿ ಮಿನುಗುವ ಗರುಡಾದ್ರಿ ಮನೆತನದ ಚಿತ್ರಗಳು: ಸುರಪುರದ ಸಿರಿಯ ಹೆಸರು ಹೇಳುವಂಥವು ಇವು. ಆ ಚಿತ್ರಗಳನ್ನು ನೋಡಲೆಂದೇ ಒಮ್ಮೆ ಈ ಕಡೆಗೆ ಬಂದು ಹೋಗುವುದು ವ್ಯರ್ಥವಾಗಲಾರದು.

ಹಳೆಯ ಸುರಪುರದ ಓಣಿಗಳು ಏರುತ್ತವೆ, ಇಳಿಯುತ್ತವೆ, ತಿರುಗುತ್ತವೆ. ಇಲ್ಲಿ ಫುಟ್‌ಪಾತನ್ನು ಹುಡುಕುವುದು ವ್ಯರ್ಥ. ಅದು ನಾಶವಾದದ್ದಲ್ಲ, ಎಂದೂ ಬೇಕಾಗಿರಲಿಲ್ಲ. ಕುದುರೆ, ಮೇನೆ, ಕಾಲಾಳುಗಳ ಕಾಲದಲ್ಲಿ ಓಣಿಗೆ ಓಣಿಯೇ ಕಾಲುಹಾದಿ. ಮೋಟಾರು ಅಲ್ಲಿ ನಿನ್ನೆ ಬಂದ ನೆಂಟ. ಮದುವೆಮನೆಯ ದಾರಿಯಲ್ಲಿ ಗೃಹಸ್ಥರು ವಾಹನವನ್ನು ಬಯಲಿನಲ್ಲಿ ಬಿಟ್ಟು ನಡೆದೇ ಹೋದರು. ಶಹಾಪುರದಲ್ಲಿ ಕಾಲು ಸೋತ ತಾಯಿ ಇಲ್ಲಿ ಮಗನ ಕೈಬಿಟ್ಟು, ಗುರುತಿನ ಬಾಗಿಲು ಕಂಡಲ್ಲೆಲ್ಲ ನಿಂತು ಮಾತನಾಡಿಸುತ್ತ ಮುಂದೆ ನಡೆದರು.

ರಾತ್ರಿ ಊಟವಾದ ಮೇಲೆ ಅಂಗಳದ ಜಮಖಾನೆಯ ಮೇಲೆ ಚೀಟಿಯ ಪ್ರಸಂಗ ಹೊರಬಿತ್ತು. ತಾಯಿಯ ಅಣ್ಣನ ಮಗ ವಕೀಲರು. ಇಂಥ ಚೀಟಿಗಳನ್ನು ಬಹಳ ಕಂಡವರು.

"ಭಾವನವರೇ, ಮೊದಲು ಒಂದು ಮಾತು ತಿಳಿದುಕೊಳ್ಳಿರಿ. ಇದು ದಂಡ ಅಲ್ಲ" ಎಂದರು ವಕೀಲರು.

ಎಲ್ಲರೂ ನಕ್ಕರು. ಆದರೆ ವಕೀಲರ ಮಾತು ವಿನೋದವಾಗಿರಲಿಲ್ಲ. ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸವೇ ಹೊರತು ಪೊಲೀಸರದಲ್ಲ. ಬೇರೆ ಶಿಕ್ಷೆಯನ್ನು ಹೇಳದಿರುವ ತಪ್ಪುಗಳಿಗೆ ಅಧಿನಿಯಮದ 177ನೆಯ ಕಲಂ ಮೊದಲ ಬಾರಿಗೆ 500 ರೂಪಾಯಿ, ಮತ್ತೆ ಮಾಡಿದರೆ 1500 ರೂಪಾಯಿಯವರೆಗೆ ದಂಡವನ್ನು ನಿಗದಿ ಮಾಡಿದೆ; 2019ಕ್ಕೆ ಮುಂಚೆ ಅದು 100 ಮತ್ತು 300 ಇತ್ತು. ನ್ಯಾಯಾಲಯಕ್ಕೆ ಹೋಗದೆ ಮುಗಿಸಿಕೊಳ್ಳಬೇಕೆನ್ನುವವರಿಗಾಗಿ 200ನೆಯ ಕಲಂ ಇದೆ. ಸರಕಾರ ಗೊತ್ತುಮಾಡಿದ ಮೊಬಲಗನ್ನು ಅಧಿಕಾರಿಯ ಬಳಿ ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿಯಿತು. ಇದು ರಾಜಿ. ರಾಜಿಗೆ ಬಲವಂತವಿಲ್ಲ. ಚೀಟಿಯೆಂದರೆ ರಾಜಿಯ ಆಹ್ವಾನ. ಒಲ್ಲೆನೆಂದವನ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಪೊಲೀಸರು ತಮ್ಮ ಮಾತನ್ನು ಅಲ್ಲಿ ಸಾಬೀತುಪಡಿಸಬೇಕು. ಬರಿಯ ದಂಡವಷ್ಟೇ ಶಿಕ್ಷೆಯಾಗಿರುವ ತಪ್ಪನ್ನು ಆರು ತಿಂಗಳೊಳಗೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕೆಂಬ ಕಾಲಮಿತಿಯೂ ಉಂಟು. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಸಮನ್ಸು ಬಂದರೆ ತಾನೇ ಹೋಗಬಹುದು, ವಕೀಲರನ್ನು ಕಳಿಸಬಹುದು, ಇಲ್ಲವೆ ತಪ್ಪೊಪ್ಪಿಕೊಂಡು ಹಣದೊಡನೆ ಪತ್ರ ಬರೆಯಬಹುದು.

"ಹಾಗಾದರೆ ನಡೆಸಿಬಿಡೋಣ. ಬೋರ್ಡೇ ಇರಲಿಲ್ಲ!" ಎಂದರು ಗೃಹಸ್ಥರು.

ವಕೀಲರು ತಲೆಯಾಡಿಸಿದರು. ವಾಹನ ನಿಲ್ಲಿಸಲು ಅಡ್ಡಿಯಿಲ್ಲದ ರಸ್ತೆಯ ಒಂದು ಭಾಗವನ್ನು ಅಧಿಕಾರಿಗಳು ನಿಷೇಧಿಸಿದ್ದರೆ, ಫಲಕ ಎಲ್ಲಿ ಎಂದು ಕೇಳುವುದು ಬಲವಾದ ವಾದ. ಫುಟ್‌ಪಾತಿನ ಸಂಗತಿ ಬೇರೆ. ಅದರ ಮೇಲೆ ವಾಹನ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಅವುಗಳ ಬದಲು ಬಂದ 2017ರ ಚಾಲನಾ ನಿಯಮಾವಳಿಯೂ ಹೇಳುತ್ತದೆ. ದೇಶದ ಎಲ್ಲ ಫುಟ್‌ಪಾತಿಗೂ ಆ ನಿಯಮವೇ ಫಲಕ.

"ನಾನೊಬ್ಬನೇ ಅಲ್ಲ. ಇಪ್ಪತ್ತು ಮೋಟಾರ್ ಸೈಕಲ್ಲು ನಿಂತಿದ್ದವು. ಅವಕ್ಕೆಲ್ಲ ಚೀಟಿ ಕೊಟ್ಟರೇನು? ಬೆಂಗಳೂರಿನ ಗಾಡಿಯೆಂದು ನನಗೊಬ್ಬನಿಗೇ ಏಕೆ?"

ಇದು ನೋವಿನ ಮಾತು. ಪರಸ್ಥಳದ ಫಲಕವುಳ್ಳ ವಾಹನದ ಒಡೆಯರೆಲ್ಲರೂ ಆಡುವ ಮಾತು. ಆದರೆ ನ್ಯಾಯಾಲಯದಲ್ಲಿ ಇದು ನಿಲ್ಲದು. ಸಮಾನತೆಯ ಹಕ್ಕೆಂಬುದು ಕಾನೂನಿನ ರಕ್ಷಣೆಯಲ್ಲಿ ಸಮಾನತೆ. ಇನ್ನೊಬ್ಬನ ತಪ್ಪು ಬಿಟ್ಟುಹೋಯಿತೆಂದು ತನ್ನ ತಪ್ಪನ್ನೂ ಬಿಡಿಸಿಕೊಳ್ಳುವ ಸಮಾನತೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ.

"ನಿಲ್ಲುವ ವಾದ ಒಂದೇ ಒಂದು ಇದೆ" ಎಂದರು ವಕೀಲರು. "ಅಲ್ಲಿ ಫುಟ್‌ಪಾತೇ ಇರಲಿಲ್ಲ ಎಂದು ತೋರಿಸಿರಿ. ಅಂಚುಗಲ್ಲಿಲ್ಲದ, ಬರಿಯ ಮಣ್ಣಿನ ಬದಿಯಾಗಿದ್ದರೆ, ಇದು ಫುಟ್‌ಪಾತು ಎಂದು ಸಾಬೀತುಪಡಿಸುವ ಭಾರ ಅವರದು. ಆ ಜಾಗದ ಚಿತ್ರ ತೆಗೆದಿದ್ದೀರೇನು?"

ತೆಗೆದಿದ್ದರು. ಕಲ್ಲು ಕಿತ್ತುಹೋದದ್ದನ್ನೂ, ಮೂಟೆಗಳನ್ನೂ, ಮೋಟಾರ್ ಸೈಕಲ್ಲುಗಳನ್ನೂ ತೋರಿಸಬೇಕೆಂದು ನಾಲ್ಕು ಚಿತ್ರ ತೆಗೆದಿದ್ದರು. ವಕೀಲರು ಕನ್ನಡಕವೇರಿಸಿ ಕೈಯೊಳಗಿನ ದೂರವಾಣಿಯ ಗಾಜಿನ ಮೇಲೆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಬೇವಿನ ಎಲೆ, ಧೂಳು, ಎಡಗಡೆಯ ಚಕ್ರ. ಚಕ್ರದ ಈಚೆ ಬದಿಗೆ, ಅರ್ಧ ಮಣ್ಣಿನಲ್ಲಿ ಹೂತು, ಕರಿ ಬಿಳಿ ಬಣ್ಣದ ಒಂದು ಅಂಚುಗಲ್ಲು. ಅದರ ಮುಂದೆ ಇನ್ನೊಂದು. ಅವರು ಏನೂ ಹೇಳದೆ ಚಿತ್ರವನ್ನು ಭಾವನ ಕೈಗೆ ಕೊಟ್ಟರು.

ಹೋರಾಟದ ಲೆಕ್ಕವನ್ನೂ ವಕೀಲರು ಮುಚ್ಚಿಡಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಪ್ರಥಮ ದರ್ಜೆಯ ದಂಡಾಧಿಕಾರಿಗಳ ನ್ಯಾಯಾಲಯಗಳಿವೆ; ಚೀಟಿ ಯಾದಗಿರಿಯದಾದ್ದರಿಂದ ಪ್ರಕರಣವೂ ಅಲ್ಲಿಯದೇ. ಬೆಂಗಳೂರಿನಿಂದ ಒಂದು ಸಲ ಬಂದು ಹೋಗುವ ರೈಲಿನ ಖರ್ಚಿಗೆ ಚೀಟಿಯ ಮೊಬಲಗು ಸವೆದುಹೋಗುತ್ತದೆ. ಸಾಮಾನ್ಯ ಜನ ತಪ್ಪಿಲ್ಲದಿದ್ದರೂ ಕಟ್ಟಿಬಿಡುವುದು ಈ ಕಾರಣಕ್ಕೆ. ಲೋಕ ಅದಾಲತ್ತಿನಲ್ಲಿ ಇಂಥವು ಬೇಗ ಇತ್ಯರ್ಥವಾಗುತ್ತವೆ, ಶುಲ್ಕವಿಲ್ಲ. ಆದರೆ ಅದೂ ರಾಜಿಯೇ. ಬಾಕಿಯುಳಿದ ದಂಡಗಳಿಗೆ ಸರಕಾರ 2023ರಲ್ಲೂ 2025ರಲ್ಲೂ ಅರ್ಧ ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ರಿಯಾಯಿತಿಗೆ ಕಾಯುವವರು ಹೆಚ್ಚಿದರೆ ಕಟ್ಟುವವರೂ ಇಲ್ಲ, ಪ್ರಶ್ನಿಸುವವರೂ ಇಲ್ಲವೆಂಬಂತಾಗುತ್ತದೆ. ಅದು ಒಳ್ಳೆಯ ಪಾಠವೆನಿಸದು.

"ಹಾಗಾದರೆ ಆ ಕಿತ್ತ ಕಲ್ಲು? ಆ ಮೂಟೆ? ಅದನ್ನು ಯಾರು ಕೇಳುವವರು?" ಗೃಹಸ್ಥರ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ, ಅದಕ್ಕೆ ಸರಿಯಾದ ವಿಳಾಸ ಸಿಗಬೇಕಾಗಿತ್ತು ಅಷ್ಟೆ. ಮಧ್ಯಪ್ರದೇಶದ ರತ್ಲಾಮ್ ಎಂಬ ಊರಿನ ನಿವಾಸಿಗಳು ಒಮ್ಮೆ ತಮ್ಮ ಬೀದಿಯ ಚರಂಡಿಯ ಹೊಲಸಿನ ವಿರುದ್ಧ ದಂಡಾಧಿಕಾರಿಯ ಮುಂದೆ ಹೋದರು. ಹಣವಿಲ್ಲವೆಂದಿತು ಪುರಸಭೆ. ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಆ ಮೊಕದ್ದಮೆಯಲ್ಲಿ 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು, ಹಣದ ಕೊರತೆಯ ನೆಪದಿಂದ ಪೌರಸಂಸ್ಥೆ ತನ್ನ ಮೂಲ ಕರ್ತವ್ಯವನ್ನು ತಪ್ಪಿಸಿಕೊಳ್ಳುವಂತಿಲ್ಲವೆಂದು ಸಾರಿತು. ಚರಂಡಿಗೆ ಸಂದ ಮಾತು ಚರಂಡಿಯ ಮೇಲಿನ ಕಲ್ಲಿಗೂ ಸಲ್ಲಬೇಕಲ್ಲವೆ? ಅಷ್ಟು ದೂರ ಹೋಗುವುದಕ್ಕೆ ಮುಂಚೆ ಹತ್ತು ರೂಪಾಯಿಯ ಒಂದು ದಾರಿಯುಂಟು. 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಕಚೇರಿ ಉತ್ತರಿಸಬೇಕು. ವಕೀಲರು ಮದುವೆಯ ಆಮಂತ್ರಣ ಪತ್ರದ ಹಿಂಬದಿಯಲ್ಲೇ ಕರಡು ಬರೆದುಕೊಟ್ಟರು.

ಮದುವೆ ಮುಗಿದ ಮರುದಿನ ಸಂಸಾರ ಬಂದ ದಾರಿಯಲ್ಲೇ ಹಿಂತಿರುಗಿತು. ಯಾದಗಿರಿಯಲ್ಲಿ ಗೃಹಸ್ಥರು ಮೊದಲು ಚೀಟಿಯ ಹಣ ಕಟ್ಟಿ ರಶೀದಿ ಪಡೆದರು. ಅಲ್ಲಿಂದ ನಗರಸಭೆಗೆ ಹೋಗಿ ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟರು. ಆ ಬೀದಿಯ ಪಾದಚಾರಿ ಮಾರ್ಗದ ಅಗಲ ದಾಖಲೆಯಲ್ಲಿ ಎಷ್ಟು. ಕಲ್ಲು ಹಾಸಿದ್ದು ಎಂದು, ಕಡೆಯ ಬಾರಿ ರಿಪೇರಿಯಾದದ್ದು ಎಂದು. ಒತ್ತುವರಿಯ ಬಗ್ಗೆ ಕೊಟ್ಟ ನೋಟೀಸುಗಳೆಷ್ಟು. ಪೇಟೆಗೆ ಬರುವವರು ವಾಹನ ನಿಲ್ಲಿಸಲೆಂದು ಗೊತ್ತುಮಾಡಿದ ಸ್ಥಳ ಯಾವುದು? ಕಡೆಯ ಪ್ರಶ್ನೆ ವಕೀಲರ ಕರಡಿನಲ್ಲಿರಲಿಲ್ಲ, ಗೃಹಸ್ಥರೇ ಸೇರಿಸಿದ್ದು. ನಿಲ್ಲಿಸುವ ಜಾಗಗಳನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡುವ ಅಧಿಕಾರವನ್ನು ಅದೇ ಮೋಟಾರು ವಾಹನಗಳ ಅಧಿನಿಯಮದ 117ನೆಯ ಕಲಂ ಸರಕಾರಕ್ಕೆ ಕೊಟ್ಟಿದೆಯಲ್ಲ! ಗುಮಾಸ್ತರು ಅರ್ಜಿಯನ್ನು ಒಮ್ಮೆ ಓದಿ, ಗೃಹಸ್ಥರನ್ನು ಒಮ್ಮೆ ನೋಡಿ, ಪ್ರತಿಯ ಮೇಲೆ ಮೊಹರು ಒತ್ತಿ ಹಿಂದಕ್ಕೆ ಕೊಟ್ಟರು.

ಅಂದು ಮೋಟಾರು ಪೇಟೆಯಿಂದ ದೂರದ ಬಯಲಿನಲ್ಲಿ ನಿಂತಿತ್ತು. ತಾಯಿ ಬೇವಿನ ಮರದ ಕೆಳಗೆ, ಆ ಫರಸಿಕಲ್ಲುಗಳ ಮೇಲೆಯೇ ಮಗನಿಗಾಗಿ ಕಾಯುತ್ತಿದ್ದರು. ಇಬ್ಬರೂ ನಡೆದು ಬಂದು ಬಾಗಿಲು ತೆರೆದಾಗ ಒಳಗಿನಿಂದ ಬಿಸಿ ಉಗಿ ಮುಖಕ್ಕೆ ಹೊಡೆಯಿತು. ತಾಯಿ ಸೆರಗನ್ನು ಸೀಟಿನ ಮೇಲೆ ಹಾಸಿಕೊಂಡು, "ನಡಿ, ಹೊತ್ತಾತು" ಎಂದು ಕುಳಿತರು.